ಸಾಲ ಬಾಕಿ ಇದ್ದವರಿಗೆ ಕೈಗಾ ಪಾಸ್ ಸಿಗುತ್ತದೆಯೇ?

ಕುಳಗಿ, ಅಂಬಿಕಾನಗರ, ಜೊಯಿಡಾ ಸುತ್ತಿನ ಹುಡುಗರಿಗೆ ಬಂದೋಬಸ್ತಿನ ಜಾಗಗಳು ಹೊಸವಲ್ಲ. ನಾಗಝರಿ ವಿದ್ಯುದಾಗಾರ, ಸೂಪಾ ಅಣೆಕಟ್ಟು ಹತ್ತಿರದಲ್ಲೇ ಇವೆ. ಘಟ್ಟ ಇಳಿದರೆ ಕೈಗಾ ಅಣುಸ್ಥಾವರ, ಕಾರವಾರದ ಕದಂಬ ನೌಕಾನೆಲೆ. ಕಾಯಂ ನೌಕರಿಯಿರಲಿ, ಗುತ್ತಿಗೆದಾರರ ಕೈಕೆಳಗಿನ ವೆಲ್ಡಿಂಗ್ ಇರಲಿ, ಒಳಹೋಗುವ ಪಾಸಿಗೆ ಪೊಲೀಸ್ ವೆರಿಫಿಕೇಶನ್ ಅಂದಕೂಡಲೇ ಮನೆಯಲ್ಲಿ ದಿಗಿಲು: ಬೈಕಿನ ಕಂತು ಕಟ್ಟಿಲ್ಲ, ಅವ್ವನ ಸಂಘದ ಸಾಲ ಬೇರೆ, ಅಡ್ಡ ಬಂದರೆ?

ಬರೀ ಸಾಲ ಅಡ್ಡ ಬರುವುದಿಲ್ಲ. ಅವ್ವನ ಸಾಲ ಅವ್ವನದೇ, ಮಗ ಜಾಮೀನು ಬಿದ್ದಿರದಿದ್ದರೆ. ಕೇಂದ್ರದ ನೌಕರಿಗೆ ತುಂಬುವ ಅಟೆಸ್ಟೇಶನ್ ಫಾರ್ಮಿನಲ್ಲಿ ಎಷ್ಟು ಸಾಲವಿದೆ ಎಂಬ ಪ್ರಶ್ನೆಯಿಲ್ಲ. ಬಂಧನವಾಗಿತ್ತೇ, ಶಿಕ್ಷೆಯಾಗಿತ್ತೇ, ಯಾವುದಾದರೂ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆಯೇ ಎಂದು ಕೇಳುತ್ತಾರೆ. ಸಾಲ ಒಳನುಗ್ಗುವುದು ಈ ಕೊನೆಯ ಪ್ರಶ್ನೆಯಿಂದ.

ಫೈನಾನ್ಸಿನವರು ಸಾಲ ಕೊಡುವಾಗ ಸಹಿ ಹಾಕಿದ ಖಾಲಿ ಚೆಕ್ ಇಟ್ಟುಕೊಳ್ಳುವುದುಂಟು, ಜಾಮೀನುದಾರರದ್ದೂ ಸೇರಿ. ಕಂತು ತಪ್ಪಿದಾಗ ಅದನ್ನು ಬ್ಯಾಂಕಿಗೆ ಹಾಕುತ್ತಾರೆ, ಬೌನ್ಸ್ ಆಗುತ್ತದೆ. 30 ದಿನದೊಳಗೆ ನೋಟಿಸು ಕಳಿಸುತ್ತಾರೆ. ಕೈಸೇರಿದ 15 ದಿನದಲ್ಲಿ ಹಣ ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ದೂರು. ಅದು ಕ್ರಿಮಿನಲ್ ಕೇಸು, 2 ವರ್ಷದವರೆಗೂ ಸಜೆ ಆಗಬಹುದು. ಸಮನ್ಸ್ ಬಂದರೂ ಹೋಗದಿದ್ದರೆ ವಾರಂಟ್. ವಾರಂಟ್ ಬರುವುದು ನಿಮ್ಮೂರಿನ ಠಾಣೆಗೆ. ವೆರಿಫಿಕೇಶನ್ ಕಾಗದ ಬರುವುದೂ ಅಲ್ಲಿಗೇ. ಹೀಗೆ ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತವನೂ 'ಕೇಸು ಇದೆಯೇ' ಎಂಬಲ್ಲಿ 'ಇಲ್ಲ' ಎಂದು ಬರೆದು ಸಿಕ್ಕಿಬೀಳುತ್ತಾನೆ.

ನನ್ನ ಮಟ್ಟಿಗೆ, ಕೇಸಿಗಿಂತ ಆ 'ಇಲ್ಲ' ಹೆಚ್ಚು ಕೆಟ್ಟದ್ದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಗೊತ್ತಿದ್ದೂ ಮುಚ್ಚಿಟ್ಟರೆ ನೇಮಕಾತಿ ರದ್ದು ಮಾಡಬಹುದು; ಸಣ್ಣಪುಟ್ಟ ಪ್ರಕರಣವಾದರೆ ಮನ್ನಿಸುವ ಅವಕಾಶವೂ ನೇಮಕ ಮಾಡುವವರಿಗಿದೆ. ಹಾಗೆಂದು ನಿಜ ಹೇಳಿದವರಿಗೆಲ್ಲ ಕೆಲಸ ಕೊಡಲೇಬೇಕೆಂದೇನೂ ಇಲ್ಲ.

ಕೆಲಸ ಸಿಕ್ಕಮೇಲೆ ಸಾಲ ಬೇರೆ ದಾರಿಯಲ್ಲಿ ಬರುತ್ತದೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳ 17ನೇ ನಿಯಮ, ಸದಾ ಸಾಲದಲ್ಲಿ ಮುಳುಗಿರುವುದನ್ನೂ ದಿವಾಳಿತನವನ್ನೂ ನೌಕರ ತಪ್ಪಿಸಬೇಕು ಎನ್ನುತ್ತದೆ. ವಸೂಲಿಗೆ ಯಾರಾದರೂ ಕೋರ್ಟಿಗೆ ಹೋದರೆ ತಾನೇ ಕಚೇರಿಗೆ ತಿಳಿಸಬೇಕು. ಸಾಲ ದುಂದಿನಿಂದಾದದ್ದಲ್ಲ, ಕೈಮೀರಿದ ಕಾರಣದಿಂದಾದದ್ದು ಎಂದು ತೋರಿಸುವ ಹೊಣೆಯೂ ಅವನದೇ. ಹಾಗಾಗಿ ಆಸ್ಪತ್ರೆಯ ಬಿಲ್ಲುಗಳನ್ನು ಎಸೆಯಬೇಡಿ.

ಇಷ್ಟು ಬಿಗಿ ಏಕೆಂದರೆ, ದುಡ್ಡಿನ ಇಕ್ಕಟ್ಟಿನಲ್ಲಿರುವವರನ್ನು ಆಮಿಷಕ್ಕೆ ಎಳೆಯುವುದು ಸುಲಭ ಎಂಬ ಲೆಕ್ಕ. ಕಾರವಾರ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಏಜೆಂಟರಿಗೆ ಕೊಟ್ಟರೆಂಬ ಆರೋಪದಲ್ಲಿ ಎನ್‌ಐಎ 2025ರ ಫೆಬ್ರವರಿಯಲ್ಲಿ ಇಬ್ಬರನ್ನು ಬಂಧಿಸಿತು. ಮಾಹಿತಿಗೆ ಹಣ ಪಡೆದಿದ್ದರೆಂದೂ ಆರೋಪವಿದೆ. ಆ ಪ್ರಕರಣಕ್ಕೆ ಸಾಲದ ಕಥೆ ಅಂಟಿಸುವುದು ತಪ್ಪು, ಆದರೆ ಭಯ ಎಲ್ಲಿಂದ ಹುಟ್ಟುತ್ತದೆಂದು ತಿಳಿಯುತ್ತದೆ. ಅಮೆರಿಕದಲ್ಲಂತೂ ಭದ್ರತಾ ಕೆಲಸದ ಎಸ್‌ಎಫ್-86 ಫಾರ್ಮು 7 ವರ್ಷದ ಹಣಕಾಸಿನ ತಾಪತ್ರಯವನ್ನು, 120 ದಿನ ಮೀರಿದ ಬಾಕಿಯನ್ನು ಬಾಯಿಬಿಟ್ಟೇ ಕೇಳುತ್ತದೆ.

ನಮ್ಮಲ್ಲಿ ಹಾಗೆ ನೇರವಾಗಿ ನೋಡುವುದು ಬ್ಯಾಂಕುಗಳು. ಸಾಲ ಸುಸ್ತಿಯಾದವರು, ಸಿಬಿಲ್ ವರದಿ (ಕ್ರೆಡಿಟ್ ರಿಪೋರ್ಟ್) ಕೆಟ್ಟವರು ನೇಮಕಕ್ಕೆ ಅರ್ಹರಲ್ಲ ಎಂದು ಸ್ಟೇಟ್ ಬ್ಯಾಂಕ್ ಅಧಿಸೂಚನೆಯಲ್ಲೇ ಬರೆದದ್ದುಂಟು. ಇಂಥ ಕಾರಣಕ್ಕಾದ ಒಂದು ನೇಮಕ ರದ್ದತಿಯನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು.

ಅರ್ಜಿ ಹಾಕುವ ಮೊದಲು ಇ-ಕೋರ್ಟ್ಸ್ ಆ್ಯಪಿನಲ್ಲಿ ಉತ್ತರ ಕನ್ನಡ ಜಿಲ್ಲೆ ಆರಿಸಿ ನಿಮ್ಮ ಹೆಸರಿನಲ್ಲಿ ಕೇಸುಂಟೇ ಹುಡುಕಿ. ಚೆಕ್ ಕೇಸಿದ್ದರೆ ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲೇ ದಾರಿಯಿದೆ. ಮುಗಿದ ಆದೇಶದ ನಕಲು ತೆಗೆದಿಡಿ. ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಮ್ಮೆ ಪುಕ್ಕಟೆ. ಅದರಲ್ಲಿ 'ಸೆಟಲ್ಡ್' ಎಂದಿದ್ದರೆ ಪೂರ್ತಿ ಕಟ್ಟಿಲ್ಲ ಎಂದರ್ಥ. ಉಳಿದದ್ದು ಕಟ್ಟಿ ಬೇಬಾಕಿ ಪತ್ರ ಪಡೆದು 'ಕ್ಲೋಸ್ಡ್' ಮಾಡಿಸಿ. ತಪ್ಪು ನಮೂದಿದ್ದರೆ ದೂರು ಕೊಡಿ: 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.