ಮೆದುಳಿನ ಸೇತುವೆ ಕಟ್ಟದಿದ್ದರೆ ಮಗುವಿಗೆ ಏನಾಗುತ್ತದೆ?

ಪಣಕಹಳ್ಳಿ ತಾಳವಾಡಿ ಬೆಟ್ಟ ಪ್ರದೇಶದ ಊರು. ಮಾತು ಕನ್ನಡ, ಜಿಲ್ಲೆ ಮಾತ್ರ ತಮಿಳುನಾಡಿನ ಈರೋಡ್. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ ಇಳಿಯಬೇಕು. ಘಾಟಿ ಬಂದಾದರೆ ಚಾಮರಾಜನಗರ, ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟ, ಮೆಟ್ಟೂರು ಅಂತ ಸುತ್ತಬೇಕು. ತಡವಾಗುತ್ತದೆ, ಆದರೆ ತಲುಪಬಹುದು. ಕೆಲವು ಮಕ್ಕಳ ಮೆದುಳಿನ ಕಥೆಯೂ ಹೀಗೆಯೇ.

ಮೆದುಳಿಗೆ ಎಡ, ಬಲ ಎಂದು ಎರಡು ಭಾಗ. ಇವೆರಡನ್ನು ಜೋಡಿಸುವ ದೊಡ್ಡ ಸೇತುವೆ ಕಾರ್ಪಸ್ ಕಲೋಸಮ್. ಅದರಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಮಗು ಹೊಟ್ಟೆಯಲ್ಲಿ ಮೂರು ತಿಂಗಳಿರುವಾಗ ಶುರುವಾಗುವ ಈ ಕೆಲಸ, 20ನೇ ವಾರದ ಹೊತ್ತಿಗೆ ಒಂದು ಆಕಾರಕ್ಕೆ ಬರುತ್ತದೆ. ವಂಶವಾಹಿ ದೋಷ, ಗರ್ಭಿಣಿಗೆ ತಗಲಿದ ಕೆಲವು ಸೋಂಕು, ಮದ್ಯಪಾನ ಇವುಗಳಿಂದ ಸೇತುವೆ ಅರ್ಧಕ್ಕೆ ನಿಲ್ಲಬಹುದು ಅಥವಾ ಕಟ್ಟದೆಯೇ ಇರಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಹಾಗಾದರೆ ದಾಟಬೇಕಿದ್ದ ತಂತುಗಳು ಎಲ್ಲಿ ಹೋದವು? ಹಲವು ಮಕ್ಕಳಲ್ಲಿ ಅವು ತಿರುಗಿ, ತಮ್ಮದೇ ಬದಿಯಲ್ಲಿ ಹಿಂದೆ ಮುಂದೆ ಸಾಗಿ ಒಂದು ಕಟ್ಟಾಗುತ್ತವೆ. ಇದಕ್ಕೆ ಪ್ರಾಬ್ಸ್ಟ್ ಕಟ್ಟು ಎನ್ನುತ್ತಾರೆ. ಇನ್ನು ಕೆಲವು, ಮೆದುಳಿನ ಒಳಗಿರುವ ಸಣ್ಣ ಸೇತುವೆಗಳ ಮೂಲಕ ಆಚೆ ಬದಿ ಸೇರುವುದನ್ನು ಬ್ರೆಜಿಲ್‌ನ ವಿಜ್ಞಾನಿಗಳು 2014ರಲ್ಲಿ ತೋರಿಸಿದರು.

ಇಲ್ಲಿ ವಯಸ್ಸೇ ಮುಖ್ಯ. ಅಪಸ್ಮಾರಕ್ಕಾಗಿ ದೊಡ್ಡವರಲ್ಲಿ ಈ ಸೇತುವೆಯನ್ನು ಕತ್ತರಿಸಿದಾಗ, ಕಣ್ಣು ಮುಚ್ಚಿ ಎಡಗೈಯಲ್ಲಿ ಹಿಡಿದ ವಸ್ತುವಿನ ಹೆಸರು ಹೇಳಲು ಅವರಿಗೆ ಆಗುತ್ತಿರಲಿಲ್ಲ. ಇದನ್ನು ಅಧ್ಯಯನ ಮಾಡಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಹುಟ್ಟುವಾಗಲೇ ಸೇತುವೆ ಇಲ್ಲದವರು ಸಾಮಾನ್ಯವಾಗಿ ಹೆಸರು ಹೇಳಿಬಿಡುತ್ತಾರೆ. ಎಳೆಯ ಮೆದುಳು ಮೊದಲೇ ಸುತ್ತುದಾರಿ ಹುಡುಕಿಕೊಂಡಿರುತ್ತದೆ.

ಅಮೆರಿಕದ ಕಿಮ್ ಪೀಕ್‌ಗೆ ಈ ಸೇತುವೆ ಇರಲಿಲ್ಲ. ಸಾವಿರಾರು ಪುಸ್ತಕ ಬಾಯಿಪಾಠ, ಆದರೆ ಶರ್ಟಿನ ಗುಂಡಿ ಹಾಕಲು ಕಷ್ಟ. 1988ರ ‘ರೈನ್ ಮ್ಯಾನ್’ ಸಿನಿಮಾಕ್ಕೆ ಅವರೇ ಸ್ಫೂರ್ತಿ. ಎಲ್ಲರೂ ಕಿಮ್ ಆಗುವುದಿಲ್ಲ. ಕೆಲವರಿಗೆ ಫಿಟ್ಸ್, ನಡೆ-ನುಡಿ ತಡ. ಕೆಲವರಿಗೆ ತಮಾಷೆಯ ಒಳ ಅರ್ಥ ಹೊಳೆಯುವುದಿಲ್ಲ. ಇನ್ನು ಕೆಲವರಲ್ಲಿ ಮೇಲ್ನೋಟಕ್ಕೆ ಏನೂ ಗೊತ್ತಾಗುವುದಿಲ್ಲ.

ಆದ್ದರಿಂದ ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ವರದಿಯಲ್ಲಿ ಸಂಶಯ ಬಂದರೆ ಎಂಆರ್‌ಐ, ತಜ್ಞರ ಸಲಹೆ ಬೇಕು. ಹುಟ್ಟಿದ ಮಗುವಿಗೆ ಸರಕಾರದ ಆರ್‌ಬಿಎಸ್‌ಕೆ ಯೋಜನೆಯಡಿ ತಪಾಸಣೆ ಉಚಿತ. ಫಿಸಿಯೋಥೆರಪಿ, ಮಾತಿನ ತರಬೇತಿ ಬೇಗ ಶುರುವಾದಷ್ಟೂ ಒಳ್ಳೆಯದು. ‘ಮಂಡೆ ಸರಿ ಇಲ್ಲ’ ಎಂದು ಮೂಲೆಯಲ್ಲಿ ಕೂರಿಸಿದ ಮಗುವಿನ ಮೆದುಳು, ಹುಟ್ಟುವ ಮೊದಲೇ ದಾರಿ ಹುಡುಕಲು ಹೊರಟಿತ್ತು. ಅದರ ಜೊತೆ ನಡೆಯಬೇಕಾದವರು ಮನೆಯವರು.