ಓದಿಸಿದ ಅಣ್ಣನೂ ಓದಬಹುದು

ಬ್ರಿಟನ್ನಿನಲ್ಲಿ ಡಿಗ್ರಿಗೆ ಸೇರಲು ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಬೇಕೇಬೇಕೆಂದಿಲ್ಲ. 1969ರಲ್ಲಿ ಸ್ಥಾಪನೆಯಾದ ಅಲ್ಲಿನ ಓಪನ್ ಯೂನಿವರ್ಸಿಟಿಯ ಬಹುತೇಕ ಪದವಿ ಕೋರ್ಸುಗಳಿಗೆ ಹಿಂದಿನ ಓದಿನ ಷರತ್ತೇ ಇಲ್ಲ.

ಅಪ್ಪ ತೀರಿಕೊಂಡಾಗ ಒಂಬತ್ತಕ್ಕೇ ಶಾಲೆ ಬಿಟ್ಟು, ದುಡಿದು ನನ್ನನ್ನು ಎಂಟೆಕ್‌ವರೆಗೆ ಓದಿಸಿದ ಅಣ್ಣ ಈಗ ಲಂಡನ್ನಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾನೆ. ಪುಣೆಯಿಂದ ಫೋನ್ ಮಾಡಿ ಇದನ್ನು ಹೇಳಿದರೆ, ‘ಈ ವಯಸ್ಸಲ್ಲಿ ನನ್ನ ಯಾರು ಸೇರಿಸ್ಕೋತಾರೋ?’ ಎಂದ.

ಕೆಲಸ ಬಿಡಬೇಕಿಲ್ಲ. ಪದವಿಗೆ 360 ಕ್ರೆಡಿಟ್. ವರ್ಷಕ್ಕೆ 60ರಂತೆ ಆರು ವರ್ಷ. ಓದಿನ ರೂಢಿ ತಪ್ಪಿದವರಿಗೆ ಮೊದಲು ಆಕ್ಸೆಸ್ ಮಾಡ್ಯೂಲ್ ಇದೆ. ಶುಲ್ಕ ಕಡಿಮೆಯೇನಲ್ಲ, ಅದನ್ನು ಕಟ್ಟುವ ಸರದಿ ನನ್ನದು.

ನಮ್ಮ ದೇಶದಲ್ಲೂ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಲು ಗರಿಷ್ಠ ವಯೋಮಿತಿಯಿಲ್ಲ. ನಿಮ್ಮನ್ನು ಓದಿಸಿದವರಿಗೂ ಓದುವ ಆಸೆ ಉಳಿದಿದೆಯೇನೋ, ಒಮ್ಮೆ ಕೇಳಿ ನೋಡಿ.