ನೆಲದಡಿ ಸೋರುವ ಕುಡಿಯುವ ನೀರು: ತಡೆಯುವ ಬಗೆ ಹೇಗೆ?

ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆ ಪಂಪುಗಳ ನೆರವಿನಿಂದ ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಇಷ್ಟು ವಿದ್ಯುತ್ ವ್ಯಯಿಸಿ ತಂದ ನೀರಿನ ಒಂದು ಪಾಲು ಮನೆ ತಲುಪುವ ಮೊದಲೇ ಮಣ್ಣು ಸೇರಿದರೆ ನಷ್ಟ ಎರಡು ಬಗೆಯದು: ನೀರೂ ಹೋಯಿತು, ವಿದ್ಯುತ್ತಿಗೆ ತೆತ್ತ ಹಣವೂ ಹೋಯಿತು.

ಜಲಾಗಾರದಿಂದ ಹೊರಟ ನೀರಿಗೂ ಬಿಲ್ಲಿಗೆ ಒಳಪಟ್ಟ ನೀರಿಗೂ ಇರುವ ಅಂತರವನ್ನು ‘ಲೆಕ್ಕಕ್ಕೆ ಸಿಗದ ನೀರು’ ಎನ್ನುತ್ತಾರೆ. ಇದರಲ್ಲಿ ನಿಜವಾದ ಸೋರಿಕೆಯ ಜೊತೆಗೆ ಅಕ್ರಮ ಸಂಪರ್ಕ, ಕೆಟ್ಟ ಮೀಟರುಗಳಿಂದಾಗುವ ನಷ್ಟವೂ ಸೇರಿರುತ್ತದೆ. ಮೊದಲನೆಯದಕ್ಕೆ ದುರಸ್ತಿ ಬೇಕು, ಎರಡನೆಯದಕ್ಕೆ ತಪಾಸಣೆ ಬೇಕು. ಆದ್ದರಿಂದ ಎರಡನ್ನೂ ಬೇರ್ಪಡಿಸಿ ಅಳೆಯುವುದೇ ಮೊದಲ ಹೆಜ್ಜೆ.

ಸಣ್ಣ ಬಿರುಕು, ದೊಡ್ಡ ನಷ್ಟ

ಮುಖ್ಯ ಕೊಳವೆ ಒಡೆದು ರಸ್ತೆಯಲ್ಲಿ ಕಾರಂಜಿ ಚಿಮ್ಮಿದರೆ ದೂರು ಬರುತ್ತದೆ, ಕೆಲವೇ ಗಂಟೆಗಳಲ್ಲಿ ದುರಸ್ತಿಯೂ ಆಗಬಹುದು. ಆದರೆ ಮನೆ ಸಂಪರ್ಕದ ಜೋಡಣೆಯಲ್ಲಿ ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಯಾರ ಕಣ್ಣಿಗೂ ಬೀಳದು. ಹಾಗೆ ದಿನವಿಡೀ ಸೋರಿದ ನೀರು 1,440 ಲೀಟರ್. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ಅದು ಹತ್ತು ಜನರ ಅಗತ್ಯಕ್ಕೆ ಸಾಲುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಜಾಲವನ್ನು ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಪ್ರವೇಶದಲ್ಲಿ ಮೀಟರು ಅಳವಡಿಸಲಾಗುತ್ತದೆ. ನಡುರಾತ್ರಿಯ ನಂತರ ಬಳಕೆ ತೀರ ಕಡಿಮೆ. ಆಗಲೂ ಹರಿವು ಹೆಚ್ಚಿದ್ದರೆ ಆ ವಲಯದಲ್ಲಿ ಸೋರಿಕೆಯಿದೆ ಎಂದು ಊಹಿಸಬಹುದು. ಬಳಿಕ ಸಿಬ್ಬಂದಿ ಧ್ವನಿಗ್ರಾಹಕ ಉಪಕರಣಗಳಿಂದ ಕೊಳವೆಯ ಸದ್ದು ಆಲಿಸಿ ನಿಖರ ಸ್ಥಳ ಗುರುತಿಸುತ್ತಾರೆ. ರಾತ್ರಿ ಒತ್ತಡವನ್ನು ತಗ್ಗಿಸುವ ವಾಲ್ವ್ ಅಳವಡಿಸಿದರೆ, ಇನ್ನೂ ಪತ್ತೆಯಾಗದ ಬಿರುಕುಗಳಿಂದ ಹೊರಹೋಗುವ ನೀರೂ ಕಡಿಮೆಯಾಗುತ್ತದೆ.

ಆದರೆ ಕೆಲವೇ ಗಂಟೆ ನೀರು ಬಿಡುವ ಊರುಗಳಲ್ಲಿ ಈ ಲೆಕ್ಕ ಕೈಗೂಡದು. ನೀರು ಬಂದ ಹೊತ್ತಿನಲ್ಲಿ ಎಲ್ಲ ಮನೆಗಳ ಸಂಪುಗಳೂ ಒಮ್ಮೆಗೇ ತುಂಬತೊಡಗುವುದರಿಂದ ಬಳಕೆ ಯಾವುದು, ಸೋರಿಕೆ ಯಾವುದು ಎಂದು ತಿಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದುದು ಆರೋಗ್ಯದ ಪ್ರಶ್ನೆ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಕುಸಿದು, ಅದೇ ಬಿರುಕಿನ ಮೂಲಕ ಪಕ್ಕದ ಚರಂಡಿಯ ಕೊಳಕು ಒಳಸೇರಬಲ್ಲದು.

ಹುಬ್ಬಳ್ಳಿ-ಧಾರವಾಡದ ಪಾಠ

ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ದಿನದ 24 ಗಂಟೆಯೂ ನೀರು ಪೂರೈಕೆ ಆರಂಭವಾಯಿತು. ಅದಕ್ಕಾಗಿ ಹಳೆಯ ಜಾಲವನ್ನು ಕೈಬಿಟ್ಟು ಹೊಸ ಕೊಳವೆ ಹಾಕಿ, ಮನೆಮನೆಗೆ ಮೀಟರು ಜೋಡಿಸಲಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಟ್ಟು ಬಿಟ್ಟು ಬರುವ ನೀರಿಗಿಂತ ಸದಾ ಹರಿಯುವ ನಲ್ಲಿಗಳ ನೀರಿನಲ್ಲಿ ರೋಗಾಣು ಸೂಚಕ ಬ್ಯಾಕ್ಟೀರಿಯಾಗಳು ಬಹಳ ವಿರಳವೆಂದು ಕಂಡುಕೊಂಡಿತು.

ಹೊಸ ನದಿಮೂಲ ಅರಸುವ ಮೊದಲು ಇರುವ ಜಾಲವನ್ನು ಬಿಗಿಗೊಳಿಸಬೇಕೆಂದು ತಜ್ಞರು ಹೇಳುವುದು ಈ ಕಾರಣಗಳಿಂದಲೇ. ನಾಗರಿಕರ ಪಾಲೂ ಇದರಲ್ಲಿದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಸಂಪಿಗೂ ತೊಟ್ಟಿಗೂ ನೀರು ಹೋಗದಂತೆ ಮಾಡಿ ಮೀಟರು ನೋಡಬೇಕು. ಆಗಲೂ ಮುಳ್ಳು ತಿರುಗುತ್ತಿದ್ದರೆ ಮೀಟರಿನಿಂದ ಈಚೆಗೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ.